ಕರುವಿನ ಭೇದಿ, ಕಂದನ ಭೇದಿ: ಆಸ್ಪತ್ರೆಯ ಹಾಸಿಗೆ ತುಂಬಿಸುವ ರೋಟಾ ವೈರಸ್



ಕರು ಹುಟ್ಟಿ ವಾರ ಹತ್ತು ದಿನವಾಗುವಷ್ಟರಲ್ಲಿ ನೀರಿನಂತೆ ಭೇದಿ ಮಾಡತೊಡಗಿದರೆ ಏನೇನು ನೋಡಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಣ್ಣು ಗುಳಿ ಬಿದ್ದಿದೆಯೇ, ಕತ್ತಿನ ಚರ್ಮ ಎಳೆದು ಬಿಟ್ಟರೆ ಕೂಡಲೇ ಮೊದಲಿನಂತಾಗುತ್ತದೆಯೇ, ಎದ್ದು ನಿಂತು ಹಾಲು ಕುಡಿಯುತ್ತದೆಯೇ, ಕಾಲು ಕಿವಿ ತಣ್ಣಗಾಗಿವೆಯೇ ಎಂದು ನೋಡುತ್ತೀರಿ. ಭೇದಿಯಾದ ಕರುವಿನ ಜೀವ ತೆಗೆಯುವುದು ಮುಖ್ಯವಾಗಿ ಮೈಯ ನೀರು ಬತ್ತುವಿಕೆ ಎಂಬುದು ಕೊಟ್ಟಿಗೆಯ ಅನುಭವ ಕಲಿಸಿದ ಪಾಠ.

ಇದೇ ಪಾಠ ಮನೆಯೊಳಗಿನ ತೊಟ್ಟಿಲಿಗೂ ಅನ್ವಯಿಸುತ್ತದೆ. ಕರುಗಳಿಗೆ ಭೇದಿ ತರುವ ಮುಖ್ಯ ವೈರಸ್‌ಗಳಲ್ಲಿ ಒಂದರ ಹೆಸರು ರೋಟಾ. ಅದೇ ಕುಲದ ವೈರಸ್ ನಮ್ಮ ಎಳೆಯ ಮಕ್ಕಳನ್ನೂ ಕಾಡುತ್ತದೆ. ವಾಂತಿ ಭೇದಿಯಿಂದ ಮಕ್ಕಳು ಆಸ್ಪತ್ರೆ ಸೇರಲು ನಮ್ಮ ದೇಶದಲ್ಲಿ ಬಹುಕಾಲದಿಂದ ಇದೇ ಅತಿ ದೊಡ್ಡ ಕಾರಣವಾಗಿತ್ತು. ಈಗ ಇದಕ್ಕೆ ಬಾಯಿಗೆ ಹಾಕುವ ಲಸಿಕೆ ಇದೆ, ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ಲಸಿಕೆಯನ್ನು ಸಕಾಲದಲ್ಲಿ ಹಾಕಿಸಿದರೆ ಮತ್ತು ಭೇದಿ ಶುರುವಾದ ಕೂಡಲೇ ಓ.ಆರ್.ಎಸ್. ಕುಡಿಸಿದರೆ ಈ ರೋಗದಿಂದ ಆಸ್ಪತ್ರೆ ಸೇರುವ ಎಷ್ಟೋ ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು. ಅದು ಹೇಗೆಂದು ಈ ಲೇಖನದಲ್ಲಿ ತಿಳಿಯೋಣ.

ಹತ್ತು ಮಕ್ಕಳಲ್ಲಿ ನಾಲ್ವರು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2005ರ ಕೊನೆಯಲ್ಲಿ ದೇಶದ ಹಲವು ಆಸ್ಪತ್ರೆಗಳನ್ನು ಸೇರಿಸಿ ರೋಟಾ ವೈರಸ್ ಕಣ್ಗಾವಲು ಜಾಲವೊಂದನ್ನು ಆರಂಭಿಸಿತು. ಭೇದಿಯಿಂದ ದಾಖಲಾದ ಐದು ವರ್ಷದೊಳಗಿನ ಮಕ್ಕಳ ಮಲದ ಮಾದರಿ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಯಿತು. ಮೊದಲ ಎರಡು ವರ್ಷಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದಾಗ ಶೇ. 39ರಷ್ಟು ಮಕ್ಕಳಲ್ಲಿ ರೋಟಾ ವೈರಸ್ ಕಂಡುಬಂತು. ಅಂದರೆ ಭೇದಿ ವಾರ್ಡಿನಲ್ಲಿ ಹತ್ತು ಮಕ್ಕಳು ಮಲಗಿದ್ದರೆ ಅವರಲ್ಲಿ ನಾಲ್ವರು ಇದೊಂದೇ ವೈರಸ್‌ನಿಂದ ಬಂದವರು.

ಲಸಿಕೆ ಬರುವ ಮುಂಚಿನ ಪರಿಸ್ಥಿತಿಯನ್ನು ಲೆಕ್ಕ ಹಾಕಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ 1 ಕೋಟಿ 13 ಲಕ್ಷ ಸಲ ಮಕ್ಕಳಿಗೆ ರೋಟಾ ಭೇದಿ ಬರುತ್ತಿತ್ತು. ಚಿಕಿತ್ಸೆ ಬೇಕಾದವರೆಲ್ಲ ವೈದ್ಯರನ್ನು ತಲುಪಿದರೆ 32 ಲಕ್ಷ ಸಲ ಹೊರರೋಗಿಗಳಾಗಿ, 8 ಲಕ್ಷ 72 ಸಾವಿರ ಸಲ ಒಳರೋಗಿಗಳಾಗಿ ಬರಬೇಕಾಗುತ್ತಿತ್ತು. ದಿನದ ಲೆಕ್ಕದಲ್ಲಿ ಹೇಳುವುದಾದರೆ ದಿನವೊಂದಕ್ಕೆ 2,300ಕ್ಕೂ ಹೆಚ್ಚು ಮಕ್ಕಳಿಗೆ ಆಸ್ಪತ್ರೆಯ ಹಾಸಿಗೆ ಬೇಕು. ಇದರ ನೇರ ಖರ್ಚು ವರ್ಷಕ್ಕೆ ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಸಾಯುತ್ತಿದ್ದ ಮಕ್ಕಳು ವರ್ಷಕ್ಕೆ ಸುಮಾರು 78 ಸಾವಿರ, ಅವರಲ್ಲಿ 59 ಸಾವಿರ ಮಕ್ಕಳಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ಈ ಸಾವಿರ ಕೋಟಿಯ ಲೆಕ್ಕ ಹೈನುಗಾರರ ಮನೆಯಲ್ಲಿ ಹೇಗೆ ಕಾಣುತ್ತದೆ ಎಂಬುದು ನಿಮಗೇ ಗೊತ್ತು. ಮಗುವನ್ನು ದಾಖಲು ಮಾಡಿದರೆ ತಾಯಿ ಅಲ್ಲೇ ಉಳಿಯಬೇಕು. ತಂದೆ ಊರಿಗೂ ಆಸ್ಪತ್ರೆಗೂ ಓಡಾಡಬೇಕು. ಎರಡು ಹೊತ್ತು ಹಾಲು ಕರೆಯಲು ಪಕ್ಕದ ಮನೆಯವರನ್ನು ಕೇಳಬೇಕು, ಹೊಸ ಕೈಗೆ ಹಸು ಸೊರ ಬಿಡುವುದಿಲ್ಲ. ಮೇವು ಕೊಯ್ಯುವವರಿಲ್ಲ. ಡೇರಿಗೆ ಹಾಕುವ ಹಾಲು ಕಡಿಮೆಯಾಗುತ್ತದೆ. ಔಷಧಿ, ಪರೀಕ್ಷೆ, ಆಟೋ, ಊಟ ಎಂದು ಮುಂದಿನ ಬಟವಾಡೆಯ ಹಣ ಕೈಗೆ ಬರುವ ಮುಂಚೆಯೇ ಖರ್ಚಾಗಿರುತ್ತದೆ. ಮಗು ಗುಣವಾಗಿ ಮನೆಗೆ ಬಂದರೂ ಆ ತಿಂಗಳ ಲೆಕ್ಕ ಸರಿಹೋಗುವುದಿಲ್ಲ.

ವೈರಸ್ ಹೊಟ್ಟೆಯೊಳಗೆ ಏನು ಮಾಡುತ್ತದೆ?

ನಮ್ಮ ಸಣ್ಣ ಕರುಳಿನ ಒಳಮೈ ಟವೆಲ್ಲಿನ ಎಳೆಗಳ ಹಾಗೆ ಸಣ್ಣ ಸಣ್ಣ ಕುಚ್ಚುಗಳಿಂದ ಕೂಡಿದೆ. ಆಹಾರದ ಸತ್ವವನ್ನೂ ನೀರನ್ನೂ ಹೀರಿಕೊಳ್ಳುವುದು ಆ ಕುಚ್ಚುಗಳ ತುದಿಯ ಜೀವಕೋಶಗಳು. ರೋಟಾ ವೈರಸ್ ನೇರವಾಗಿ ಈ ತುದಿಗೇ ಹೋಗಿ ಕೂರುತ್ತದೆ, ಆ ಕೋಶಗಳನ್ನು ಹಾಳು ಮಾಡುತ್ತದೆ. ಜೊತೆಗೆ ಅದು ಹೊರಬಿಡುವ ಒಂದು ವಿಷಕಾರಿ ಪ್ರೋಟೀನು ಕರುಳಿನಿಂದ ನೀರು ಹೊರಹರಿಯುವಂತೆ ಮಾಡುತ್ತದೆ. ಒಳಗೆ ಹೋಗಬೇಕಾದ ನೀರು ಹೋಗುವುದಿಲ್ಲ, ಇರುವ ನೀರೂ ಹೊರಗೆ ಹರಿಯುತ್ತದೆ.

ವೈರಸ್ ಬಾಯಿಗೆ ಹೋದ ಸುಮಾರು ಎರಡು ದಿನಕ್ಕೆ ರೋಗ ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಮೊದಲು ಜ್ವರ ಮತ್ತು ವಾಂತಿ, ಹಿಂದೆಯೇ ನೀರಿನಂಥ ಭೇದಿ. ಭೇದಿ ಮೂರು ದಿನದಿಂದ ವಾರದವರೆಗೂ ನಡೆಯಬಹುದು. ಇದರಲ್ಲಿ ರಕ್ತ ಇರುವುದಿಲ್ಲ. ವಾಂತಿ ಮತ್ತು ಭೇದಿ ಎರಡೂ ಒಟ್ಟಿಗೆ ಬರುವುದರಿಂದಲೇ ರೋಟಾ ಇತರ ಭೇದಿಗಳಿಗಿಂತ ಹೆಚ್ಚು ಮಕ್ಕಳನ್ನು ಆಸ್ಪತ್ರೆಗೆ ಕಳಿಸುತ್ತದೆ. ಕುಡಿಸಿದ್ದು ನಿಲ್ಲುವುದಿಲ್ಲ, ಹೋಗುವುದು ನಿಲ್ಲುವುದಿಲ್ಲ.

ಇದನ್ನು ಲೀಟರ್ ಲೆಕ್ಕದಲ್ಲಿ ನೋಡಿ. 30 ಕೆ.ಜಿ. ತೂಗುವ ಕರು ತನ್ನ ತೂಕದ ಹತ್ತನೇ ಒಂದು ಭಾಗದಷ್ಟು ನೀರು ಕಳೆದುಕೊಂಡರೆ ಅದು 3 ಲೀಟರ್. ಆ ಹಂತದಲ್ಲಿ ಕರು ನೆಲ ಹಿಡಿಯುತ್ತದೆ. 8 ಕೆ.ಜಿ. ತೂಗುವ ಮಗುವಿಗೆ ಅದೇ ಪ್ರಮಾಣದ ನಷ್ಟ ಎಂದರೆ ಬರೀ 800 ಮಿಲಿಲೀಟರ್. ಲೀಟರ್ ಅಳತೆ ಪಾತ್ರೆಯೂ ತುಂಬದಷ್ಟು ನೀರು. ಹತ್ತು ಹನ್ನೆರಡು ಸಲ ಭೇದಿ, ನಾಲ್ಕಾರು ಸಲ ವಾಂತಿಯಾದರೆ ಅಷ್ಟು ನೀರು ಒಂದೇ ದಿನದಲ್ಲಿ ಹೋಗಿಬಿಡಬಹುದು. ಬೆಳಗ್ಗೆ ಆಡುತ್ತಿದ್ದ ಮಗು ಸಂಜೆಗೆ ಕಣ್ಣು ತೇಲಿಸುವುದು ಇದೇ ಕಾರಣದಿಂದ.

ಸ್ವಚ್ಛತೆಯೊಂದೇ ಏಕೆ ಸಾಲದು?

ಶುದ್ಧ ನೀರು, ಶೌಚಾಲಯ, ಸಾಬೂನಿನಿಂದ ಕೈ ತೊಳೆಯುವುದು ಇವೆಲ್ಲ ಟೈಫಾಯ್ಡ್, ಕಾಲರಾ, ಜಂತುಹುಳ ಮೊದಲಾದವನ್ನು ಬಹಳ ಮಟ್ಟಿಗೆ ತಡೆಯುತ್ತವೆ. ರೋಟಾ ಮಾತ್ರ ಇದಕ್ಕೆ ಪೂರ್ತಿ ಬಗ್ಗುವುದಿಲ್ಲ. ರೋಗಿ ಮಗುವಿನ ಒಂದು ಗ್ರಾಂ ಮಲದಲ್ಲಿ ಕೋಟಿಗಟ್ಟಲೆ ವೈರಸ್ ಇರುತ್ತವೆ, ಇನ್ನೊಂದು ಮಗುವಿಗೆ ರೋಗ ತಗುಲಲು ನೂರಕ್ಕೂ ಕಡಿಮೆ ಸಾಕು. ಆಟಿಕೆ, ಬಾಗಿಲ ಹಿಡಿ, ಬಟ್ಟೆಗಳ ಮೇಲೆ ಅದು ದಿನಗಟ್ಟಲೆ ಬದುಕಿರುತ್ತದೆ. ಆಸ್ಪತ್ರೆಯ ವಾರ್ಡಿನೊಳಗೇ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹರಡುವುದೂ ಉಂಟು.

ಅಮೆರಿಕದಂಥ ದೇಶದಲ್ಲೂ ಲಸಿಕೆ ಬರುವ ಮುಂಚೆ ವರ್ಷಕ್ಕೆ 55 ಸಾವಿರದಿಂದ 70 ಸಾವಿರ ಮಕ್ಕಳು ರೋಟಾದಿಂದ ಆಸ್ಪತ್ರೆ ಸೇರುತ್ತಿದ್ದರು. ಆದರೆ ಅಲ್ಲಿ ಸಾಯುತ್ತಿದ್ದವರು ವರ್ಷಕ್ಕೆ 20ರಿಂದ 60 ಮಕ್ಕಳು ಮಾತ್ರ. ಬಡವರ ಮನೆಗೂ ಶ್ರೀಮಂತರ ಮನೆಗೂ ಈ ವೈರಸ್ ಬರುತ್ತದೆ. ಮಗು ಬದುಕುವುದೋ ಇಲ್ಲವೋ ಎಂಬುದು ಎಷ್ಟು ಬೇಗ ನೀರು ತುಂಬಿಸಿದೆವು ಎಂಬುದರ ಮೇಲೆ ನಿಂತಿದೆ.

ನಮ್ಮಲ್ಲಿ ಇನ್ನೊಂದು ತೊಂದರೆಯಿದೆ. ತಮಿಳುನಾಡಿನ ವೆಲ್ಲೂರಿನಲ್ಲಿ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಗಗನದೀಪ್ ಕಾಂಗ್ ಮತ್ತು ಅವರ ಸಂಗಡಿಗರು ಬಡ ಬಡಾವಣೆಗಳ ಮಕ್ಕಳನ್ನು ಹುಟ್ಟಿನಿಂದ ಮೂರು ವರ್ಷದವರೆಗೆ ಹಿಂಬಾಲಿಸಿ ಪರೀಕ್ಷಿಸಿದರು. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಆರು ತಿಂಗಳು ತುಂಬುವ ಮುಂಚೆಯೇ ಸೋಂಕು ತಗುಲಿತ್ತು. ಮೂರು ಸಲ ಸೋಂಕು ಬಂದುಹೋದ ಮೇಲೂ ಮುಂದಿನ ಗಂಭೀರ ಕಾಯಿಲೆಯ ವಿರುದ್ಧ ಸಿಕ್ಕ ರಕ್ಷಣೆ ಶೇ. 79 ಮಾತ್ರ. ಆದ್ದರಿಂದ ರಕ್ಷಣೆಯನ್ನು ಎಳವೆಯಲ್ಲೇ, ಮೊದಲ ಸೋಂಕಿಗೆ ಮುಂಚೆಯೇ ಕೊಡಬೇಕು. ಲಸಿಕೆಯ ದಿನ ತಪ್ಪಿಸಬೇಡಿ ಎನ್ನುವುದು ಇದಕ್ಕಾಗಿಯೇ.

ಲಸಿಕೆಯ ಕಥೆಯಲ್ಲಿ ದನಕರುಗಳ ಪಾಲು

ಈ ವೈರಸ್ಸಿನ ಚರಿತ್ರೆ ಹೈನುಗಾರರಿಗೆ ಆಸಕ್ತಿ ಹುಟ್ಟಿಸುವಂಥದ್ದು. 1969ರಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಪಶುವಿಜ್ಞಾನಿಗಳು ಕರುಗಳ ಭೇದಿಗೆ ಕಾರಣವಾದ ವೈರಸ್ಸೊಂದನ್ನು ಗುರುತಿಸಿದರು. ನಾಲ್ಕು ವರ್ಷದ ಬಳಿಕ, 1973ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಭೇದಿಯಿಂದ ಬಳಲುತ್ತಿದ್ದ ಮಕ್ಕಳ ಕರುಳಿನ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದೇ ಬಗೆಯ ವೈರಸ್ ಕಂಡಿತು. ಗಾಲಿಯಂತೆ ದುಂಡಗೆ ಕಾಣುವುದರಿಂದ ಲ್ಯಾಟಿನ್ ಭಾಷೆಯಲ್ಲಿ ಗಾಲಿ ಎಂಬ ಅರ್ಥವಿರುವ ‘ರೋಟಾ’ ಎಂಬ ಹೆಸರು ಬಂತು.

ದನದ ರೋಟಾ ಮನುಷ್ಯರ ಮಕ್ಕಳಲ್ಲಿ ಸಾಮಾನ್ಯವಾಗಿ ಜೋರು ಕಾಯಿಲೆ ತರುವುದಿಲ್ಲ. ಆದರೆ ಎರಡೂ ಒಂದೇ ಕುಲದವಾದ್ದರಿಂದ ದೇಹದ ರಕ್ಷಣಾ ಪಡೆಗೆ ಪಾಠ ಹೇಳಲು ಅದನ್ನು ಬಳಸಬಹುದು ಎಂದು ವಿಜ್ಞಾನಿಗಳು ಯೋಚಿಸಿದರು. ಅಮೆರಿಕದಲ್ಲಿ 2006ರಲ್ಲಿ ಬಳಕೆಗೆ ಬಂದ ಲಸಿಕೆಯೊಂದರ ಬುನಾದಿ 1981ರಲ್ಲಿ ಪೆನ್ಸಿಲ್ವೇನಿಯಾದ ಒಂದು ಕರುವಿನಿಂದ ತೆಗೆದ ವೈರಸ್.

ಭಾರತದ ಕಥೆ ಇನ್ನೂ ಹತ್ತಿರದ್ದು. 1985-86ರ ಸುಮಾರಿಗೆ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಹುಟ್ಟಿದ ಕೆಲವು ಶಿಶುಗಳಿಗೆ ರೋಟಾ ತಗುಲಿಯೂ ಕಾಯಿಲೆ ಬರಲಿಲ್ಲ. ಆ ಮಕ್ಕಳಿಗೆ ಮುಂದೆ ಗಂಭೀರ ರೋಟಾ ಭೇದಿಯಿಂದ ರಕ್ಷಣೆ ಸಿಕ್ಕಿರುವುದನ್ನು ಡಾ. ಎಂ.ಕೆ. ಭಾನ್ ಗಮನಿಸಿದರು. ಆ ವೈರಸ್ಸಿಗೆ 116ಇ ಎಂದು ಹೆಸರಿಟ್ಟರು. ರೋಟಾ ವೈರಸ್ಸಿನ ವಂಶವಾಹಿ 11 ತುಂಡುಗಳಲ್ಲಿರುತ್ತದೆ. 116ಇಯಲ್ಲಿ ಹತ್ತು ತುಂಡು ಮನುಷ್ಯರ ವೈರಸ್ಸಿನದು, ಒಂದು ದನದ ವೈರಸ್ಸಿನದು. ಪ್ರಕೃತಿಯೇ ಮಾಡಿದ ಮಿಶ್ರತಳಿ ಎನ್ನಬಹುದು.

ನಮ್ಮ ಬೆಂಗಳೂರಿನಲ್ಲೂ ಹೀಗೆಯೇ ಆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಸಂಗಡಿಗರು ಇಲ್ಲಿನ ನವಜಾತ ಶಿಶುಗಳಲ್ಲಿ ಕಾಯಿಲೆ ತರದ ಮತ್ತೊಂದು ತಳಿಯನ್ನು ಗುರುತಿಸಿದರು. ಐ321 ಎಂಬ ಆ ತಳಿಯಲ್ಲಿ ಒಂಬತ್ತು ತುಂಡು ದನದ ವೈರಸ್ಸಿನವು, ಎರಡು ಮಾತ್ರ ಮನುಷ್ಯರದು. ಎರಡೂ ತಳಿಗಳನ್ನು ಲಸಿಕೆಯಾಗಿ ಪರೀಕ್ಷಿಸಿದಾಗ ದೆಹಲಿಯ ತಳಿಗೆ ಮಕ್ಕಳ ದೇಹ ಹೆಚ್ಚು ಚೆನ್ನಾಗಿ ಸ್ಪಂದಿಸಿತು. ಅದನ್ನೇ ಮುಂದುವರಿಸಿ ಹೈದರಾಬಾದಿನ ಭಾರತ್ ಬಯೋಟೆಕ್ ‘ರೋಟಾವ್ಯಾಕ್’ ಲಸಿಕೆ ತಯಾರಿಸಿತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ‘ರೋಟಾಸಿಲ್’ ಲಸಿಕೆಗೂ ದನದ ರೋಟಾ ವೈರಸ್ಸೇ ಬುನಾದಿ.

ಲಸಿಕೆ ಎಷ್ಟು ಕೆಲಸ ಮಾಡುತ್ತದೆ?

ಇದನ್ನು ಉತ್ಪ್ರೇಕ್ಷೆಯಿಲ್ಲದೆ ತಿಳಿದುಕೊಳ್ಳುವುದು ಒಳ್ಳೆಯದು. ರೋಟಾವ್ಯಾಕ್ ಲಸಿಕೆಯನ್ನು ದೆಹಲಿ, ಪುಣೆ ಮತ್ತು ವೆಲ್ಲೂರಿನಲ್ಲಿ 6,799 ಶಿಶುಗಳ ಮೇಲೆ ಪರೀಕ್ಷಿಸಲಾಯಿತು. ಮಗುವಿನ ಮೊದಲ ವರ್ಷದಲ್ಲಿ ಗಂಭೀರ ರೋಟಾ ಭೇದಿ ಶೇ. 56ರಷ್ಟು ಕಡಿಮೆಯಾಯಿತು. 2016ರಲ್ಲಿ ಹಿಮಾಚಲ ಪ್ರದೇಶ, ಹರಿಯಾಣ, ಒಡಿಶಾ ಮತ್ತು ಆಂಧ್ರಪ್ರದೇಶಗಳಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ರೋಟಾ ಲಸಿಕೆ ಸೇರಿತು. 2019ರ ಕೊನೆಯ ಹೊತ್ತಿಗೆ ಕರ್ನಾಟಕವೂ ಸೇರಿದಂತೆ ಇಡೀ ದೇಶಕ್ಕೆ ವಿಸ್ತರಿಸಿತು.

ಆಮೇಲೆ ಏನಾಯಿತು? ಒಂಬತ್ತು ರಾಜ್ಯಗಳ 31 ಆಸ್ಪತ್ರೆಗಳಲ್ಲಿ 2016ರಿಂದ 2020ರವರೆಗೆ ಲೆಕ್ಕ ಇಡಲಾಯಿತು. ಭೇದಿಯಿಂದ ದಾಖಲಾದ ಮಕ್ಕಳಲ್ಲಿ ರೋಟಾ ಇದ್ದವರ ಪ್ರಮಾಣ ಮೊದಲು ಶೇ. 40 ಇದ್ದದ್ದು ಲಸಿಕೆ ಬಂದ ಮೇಲೆ ಶೇ. 20ಕ್ಕೆ ಇಳಿಯಿತು. ಹತ್ತರಲ್ಲಿ ನಾಲ್ವರಿದ್ದ ಕಡೆ ಇಬ್ಬರಾದರು.

‘ಹಾಗಾದರೆ ಉಳಿದ ಅರ್ಧ?’ ಎಂದು ನೀವು ಕೇಳಬಹುದು. ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ ಹಸುವಿಗೂ ಅಪರೂಪಕ್ಕೆ ರೋಗ ಬರುವುದನ್ನು ನೀವು ನೋಡಿರಬಹುದು. ಹಾಗೆಂದು ಯಾರೂ ಲಸಿಕೆ ಬೇಡವೆನ್ನುವುದಿಲ್ಲ, ಏಕೆಂದರೆ ಲಸಿಕೆಯಿಲ್ಲದ ಊರಿನಲ್ಲಿ ಏನಾಗುತ್ತದೆಂದು ಗೊತ್ತಿದೆ. ರೋಟಾ ಹನಿಯೂ ಹೀಗೆಯೇ. ಜೊತೆಗೆ ಭೇದಿ ತರುವ ಬೇರೆ ರೋಗಾಣುಗಳು ಹಲವಿವೆ, ಅವುಗಳನ್ನು ಈ ಲಸಿಕೆ ತಡೆಯುವುದಿಲ್ಲ. ಲಸಿಕೆ ಹಾಕಿಸಿದ ಮಗುವಿಗೆ ಒಮ್ಮೆ ಭೇದಿಯಾಯಿತೆಂದು ‘ಹನಿ ಹಾಕಿಸಿ ಏನೂ ಪ್ರಯೋಜನವಿಲ್ಲ’ ಎನ್ನಬೇಡಿ. ಆಸ್ಪತ್ರೆಗೆ ಹೋಗುವಷ್ಟು ಜೋರಾಗುವುದನ್ನು ತಪ್ಪಿಸುವುದೇ ಅದರ ಕೆಲಸ.

ಅಪಾಯವಿದೆಯೇ? 1998ರಲ್ಲಿ ಅಮೆರಿಕದಲ್ಲಿ ಬಂದ ಮೊಟ್ಟಮೊದಲ ರೋಟಾ ಲಸಿಕೆಯಿಂದ ಕೆಲವು ಮಕ್ಕಳಲ್ಲಿ ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸಿಕ್ಕಿಕೊಳ್ಳುವ ತೊಂದರೆ ಕಂಡುಬಂತು. ಮರುವರ್ಷವೇ ಅದನ್ನು ಹಿಂತೆಗೆದುಕೊಂಡರು. ಆ ಕಾರಣಕ್ಕೆ ನಮ್ಮ ರೋಟಾವ್ಯಾಕ್ ಲಸಿಕೆಯ ಮೇಲೂ ಕಣ್ಣಿಟ್ಟು ಲೆಕ್ಕ ಇಡಲಾಯಿತು. ಈ ತೊಂದರೆ ಹೆಚ್ಚಿದ್ದು ಕಂಡುಬರಲಿಲ್ಲ. ಆದರೂ ಮಗು ಬಿಟ್ಟು ಬಿಟ್ಟು ಕಾಲು ಮಡಚಿ ಚೀರಿ ಅಳುತ್ತಿದ್ದರೆ, ಪದೇ ಪದೇ ವಾಂತಿ ಮಾಡುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಲಸಿಕೆ ಹಾಕಿಸಿರಲಿ, ಬಿಟ್ಟಿರಲಿ, ಈ ಮಾತು ಎಲ್ಲ ಶಿಶುಗಳಿಗೂ ಅನ್ವಯಿಸುತ್ತದೆ.

ಯಾವಾಗ ಹಾಕಿಸಬೇಕು?

ಮಗುವಿಗೆ 6, 10 ಮತ್ತು 14 ವಾರ ತುಂಬಿದಾಗ, ಒಟ್ಟು ಮೂರು ಸಲ. ಪೆಂಟಾವಲೆಂಟ್ ಚುಚ್ಚುಮದ್ದು ಕೊಡುವ ದಿನವೇ ಇದನ್ನೂ ಕೊಡುತ್ತಾರೆ. ಸೂಜಿಯಿಲ್ಲ, ಬಾಯಿಗೇ ಹಾಕುತ್ತಾರೆ. ಅದೇ ದಿನ ಪೋಲಿಯೋ ಹನಿಯನ್ನೂ ಬಾಯಿಗೆ ಹಾಕುವುದರಿಂದ ಎರಡೂ ಒಂದೇ ಎಂದು ಕೆಲವರು ತಿಳಿಯುತ್ತಾರೆ. ಎರಡೂ ಬೇರೆ ಬೇರೆ. ತಾಯಿ ಕಾರ್ಡಿನಲ್ಲಿ ‘ರೋಟಾ’ ಎಂದಿರುವ ಕಡೆ ದಿನಾಂಕ ಬರೆದಿದ್ದಾರೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರದ ಸಿಸ್ಟರ್ ಅವರನ್ನೋ ಕೇಳಿ.

ಬಾಣಂತನಕ್ಕೆ ತವರಿಗೆ ಹೋದ ಹೆಣ್ಣುಮಕ್ಕಳಲ್ಲಿ ಒಂದೆರಡು ಸಲದ ಲಸಿಕೆ ತಪ್ಪಿಹೋಗುವುದು ಹೆಚ್ಚು. ತವರಿನ ಊರಿನ ಆರೋಗ್ಯ ಕೇಂದ್ರದಲ್ಲೂ ಉಚಿತವಾಗಿ ಹಾಕುತ್ತಾರೆ, ಕಾರ್ಡು ಜೊತೆಗಿದ್ದರೆ ಸಾಕು. ತಡವಾದರೂ ಒಂದು ವರ್ಷ ತುಂಬುವುದರೊಳಗೆ ಮೊದಲ ಡೋಸ್ ಆರಂಭಿಸಲು ಅವಕಾಶವಿದೆ. ಆದರೆ ಮೇಲೆ ಹೇಳಿದಂತೆ ಅರ್ಧದಷ್ಟು ಮಕ್ಕಳಿಗೆ ಆರು ತಿಂಗಳೊಳಗೇ ಸೋಂಕು ತಗುಲಬಹುದು. ಬೇಗ ಹಾಕಿಸಿದಷ್ಟೂ ಲಾಭ.

ಭೇದಿ ಶುರುವಾದರೆ ಮನೆಯಲ್ಲಿ ಏನು ಮಾಡಬೇಕು?

ರೋಟಾಗೆ ಔಷಧಿಯಿಲ್ಲ. ವೈರಸ್ ತಾನಾಗಿ ಹೋಗುವವರೆಗೂ ಮಗುವಿನ ಮೈಯ ನೀರು, ಉಪ್ಪಿನಂಶ ಕಡಿಮೆಯಾಗದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಇದಕ್ಕೆ ಓ.ಆರ್.ಎಸ್. ಗಿಂತ ದೊಡ್ಡ ಮದ್ದಿಲ್ಲ. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಉಪ್ಪಿನ ಸೋಡಿಯಂ ಜೊತೆಜೊತೆಯಾಗಿ ಒಳಹೋಗುವ ದಾರಿಯೊಂದಿದೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಭೇದಿ ಇರುವಾಗಲೂ ಈ ದಾರಿ ಕೆಲಸ ಮಾಡುತ್ತದೆ. ಬರೀ ನೀರು ಕುಡಿಸಿದರೆ ಉಪ್ಪಿಲ್ಲ, ಬರೀ ಸಕ್ಕರೆ ಪಾನಕ ಕುಡಿಸಿದರೆ ಭೇದಿ ಇನ್ನೂ ಹೆಚ್ಚುತ್ತದೆ. ಹಾಲಿಗೆ ಫ್ಯಾಟ್, ಎಸ್‌ಎನ್‌ಎಫ್ ಹೇಗೋ ಓ.ಆರ್.ಎಸ್. ಗೆ ಅಳತೆ ಹಾಗೆ.

• ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುಡಿಯುವ ನೀರಿಗೆ ಹಾಕಿ ಕರಗಿಸಿ. ಸಣ್ಣ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರು. ಅರ್ಧ ಪೊಟ್ಟಣ, ಅಂದಾಜು ನೀರು ಬೇಡ. ನಿಮ್ಮ ಮನೆಯಲ್ಲಿ ಲೀಟರ್ ಅಳತೆ ಇದ್ದೇ ಇರುತ್ತದೆ, ಚೆನ್ನಾಗಿ ತೊಳೆದು ಬಳಸಿ.

• ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿ.ಲೀ. ಕುಡಿಸಿ. ಎರಡು ತಿಂಗಳೂ ತುಂಬದ ಶಿಶುವಿಗೆ ಭೇದಿಯಾದರೆ ಮನೆಯಲ್ಲಿ ಕಾಯದೆ ವೈದ್ಯರಿಗೆ ತೋರಿಸಿ.

• ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಡಿ. ಲೋಟದಲ್ಲಿ ಗಟಗಟ ಕುಡಿಸಿದರೆ ಹೊರಬರುತ್ತದೆ, ಚಮಚದಲ್ಲಿ ಕೊಟ್ಟದ್ದು ನಿಲ್ಲುತ್ತದೆ.

• ಕಲಸಿಟ್ಟ ಓ.ಆರ್.ಎಸ್. ಅನ್ನು 24 ಗಂಟೆಯೊಳಗೆ ಬಳಸಿ, ಉಳಿದರೆ ಚೆಲ್ಲಿ.

• ಪೊಟ್ಟಣ ಸಿಗುವವರೆಗೆ ಒಂದು ಲೀಟರ್ ನೀರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕುಡಿಸಬಹುದು. ಉಪ್ಪು ಹೆಚ್ಚಾಗಬಾರದು. ಆರು ತಿಂಗಳು ದಾಟಿದ ಮಗುವಿಗೆ ಉಪ್ಪು ಹಾಕಿದ ಗಂಜಿ ತಿಳಿ, ನೀರು ಮಜ್ಜಿಗೆಯೂ ಆಗುತ್ತದೆ.

• ಎದೆಹಾಲು ನಿಲ್ಲಿಸಬೇಡಿ, ಇನ್ನೂ ಹೆಚ್ಚು ಸಲ ಕೊಡಿ. ಆರು ತಿಂಗಳೊಳಗಿನ ಮಗುವಿಗೆ ನಮ್ಮ ಹಸುವಿನ ಹಾಲು ಎಷ್ಟೇ ಒಳ್ಳೆಯದಿದ್ದರೂ ತಾಯಿಯ ಹಾಲೇ ಸರಿ. ಊಟ ಮಾಡುವ ಮಗುವಿಗೆ ಮೆತ್ತಗಿನ ಅನ್ನ, ಬೇಳೆ, ಬಾಳೆಹಣ್ಣು ಮುಂದುವರಿಸಿ. ಹೊಟ್ಟೆ ಖಾಲಿ ಬಿಟ್ಟರೆ ಕರುಳು ಬೇಗ ಮಾಯುವುದಿಲ್ಲ.

• ಆರೋಗ್ಯ ಕೇಂದ್ರದಲ್ಲಿ ಕೊಡುವ ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರ್ತಿ ಕೊಡಿ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ., ಎರಡರಿಂದ ಆರು ತಿಂಗಳ ಮಗುವಿಗೆ 10 ಮಿ.ಗ್ರಾಂ.

ಅಂಗಡಿಯಲ್ಲಿ ಸಿಗುವ ಸಿಹಿ ಹಣ್ಣಿನ ಪಾನೀಯದ ಡಬ್ಬಿಗಳನ್ನು ಓ.ಆರ್.ಎಸ್. ಎಂದು ನಂಬಿ ಕೊಳ್ಳಬೇಡಿ. ಅಂಥ ಪಾನೀಯಗಳ ಹೆಸರಿನಲ್ಲಿ ‘ಓ.ಆರ್.ಎಸ್.’ ಎಂದು ಬಳಸುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿದೆ. ಔಷಧಿ ಅಂಗಡಿಯಲ್ಲಿ ಕೇಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪೊಟ್ಟಣ ಕೊಡಿ ಎಂದು ಕೇಳಿ.

ಮಾಡಬಾರದ್ದು

ಭೇದಿ ನಿಲ್ಲಿಸುವ ಮಾತ್ರೆಯನ್ನು ಎಳೆಯ ಮಕ್ಕಳಿಗೆ ಕೊಡಬೇಡಿ. ಆ್ಯಂಟಿಬಯೋಟಿಕ್ ಔಷಧಿ ವೈರಸ್ಸಿಗೆ ಕೆಲಸ ಮಾಡುವುದಿಲ್ಲ; ವೈದ್ಯರು ಬೇಡವೆಂದರೆ ‘ಏನೂ ಕೊಡಲಿಲ್ಲ’ ಎಂದು ಬೇಸರಿಸಬೇಡಿ. ಹಲ್ಲು ಬರುವಾಗ ಭೇದಿ ಸಹಜವೆಂದು ಸುಮ್ಮನೆ ಕೂರಬೇಡಿ. ದೃಷ್ಟಿ ತೆಗೆಸುವುದು ನಿಮ್ಮ ನಂಬಿಕೆಗೆ ಬಿಟ್ಟದ್ದು, ಆದರೆ ಅದಕ್ಕಾಗಿ ಓ.ಆರ್.ಎಸ್. ಕುಡಿಸುವುದು ತಡವಾಗಬಾರದು. ಹೊಟ್ಟೆಗೆ ಬರೆ ಹಾಕುವುದು ಮಾತ್ರ ಬೇಡವೇ ಬೇಡ. ಮಗು ಕುಡಿಯುತ್ತಿದ್ದರೆ ‘ಒಂದು ಗ್ಲೂಕೋಸ್ ಬಾಟಲಿ ಹಾಕಿಬಿಡಿ’ ಎಂದು ಒತ್ತಾಯಿಸುವ ಅಗತ್ಯವೂ ಇಲ್ಲ. ಕುಡಿಯಬಲ್ಲ ಮಗುವಿಗೆ ಓ.ಆರ್.ಎಸ್. ಸಾಕು.

ಯಾವಾಗ ಕೂಡಲೇ ಆಸ್ಪತ್ರೆಗೆ?

ಕರುವಿನಲ್ಲಿ ನೋಡುವ ಗುರುತುಗಳನ್ನೇ ಇಲ್ಲೂ ನೋಡಿ.

• ಕಣ್ಣು ಗುಳಿ ಬಿದ್ದಿದೆ, ಅಳುವಾಗ ಕಣ್ಣೀರಿಲ್ಲ, ಶಿಶುವಿನ ನೆತ್ತಿ ಒಳಕ್ಕೆ ಕುಸಿದಿದೆ.
• ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಎತ್ತಿ ಬಿಟ್ಟರೆ ನಿಧಾನಕ್ಕೆ ಇಳಿಯುತ್ತದೆ.
• ಬಾಯಿ ನಾಲಗೆ ಒಣಗಿದೆ, ಆರು ಗಂಟೆಯಿಂದ ಮೂತ್ರ ಮಾಡಿಲ್ಲ.
• ಬಾಯಾರಿಕೆಯಿಂದ ಚಡಪಡಿಸುತ್ತದೆ, ಇಲ್ಲವೇ ಕುಡಿಯಲೂ ಆಗದೆ ಮಂಪರಿನಲ್ಲಿದೆ.
• ಏನು ಕುಡಿಸಿದರೂ ವಾಂತಿಯಾಗುತ್ತದೆ, ಜ್ವರ ಜೋರಾಗಿದೆ, ಮಲದಲ್ಲಿ ರಕ್ತವಿದೆ.

ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ, ಹಾಲು ಕರೆದಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ದಾರಿಯುದ್ದಕ್ಕೂ, ಮಗು ನುಂಗುತ್ತಿದ್ದರೆ, ಚಮಚದಲ್ಲಿ ಓ.ಆರ್.ಎಸ್. ಕೊಡುತ್ತಲೇ ಇರಿ. ಚಳಿಗಾಲದಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ರೋಟಾ ಹೆಚ್ಚು. ಆ ತಿಂಗಳುಗಳಲ್ಲಿ ಮನೆಯಲ್ಲಿ ನಾಲ್ಕು ಪೊಟ್ಟಣ ಇಟ್ಟುಕೊಂಡಿರಿ.

ಕೊಟ್ಟಿಗೆಯ ಕಡೆಗೂ ಒಂದು ಮಾತು

ಭೇದಿಯಾದ ಕರುವನ್ನು ಬೇರೆ ಕಟ್ಟಿ. ಅದನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆದೇ ಮಗುವನ್ನು ಎತ್ತಿಕೊಳ್ಳಿ. ಕರುವಿನ ಭೇದಿಗೆ ಕಾರಣವಾಗುವ ಕ್ರಿಪ್ಟೋಸ್ಪೊರಿಡಿಯಂ ಮೊದಲಾದ ರೋಗಾಣುಗಳು ಮನುಷ್ಯರಿಗೂ ತಗುಲುತ್ತವೆ. ಕರು ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲೇ ತೂಕದ ಹತ್ತನೇ ಒಂದು ಭಾಗದಷ್ಟು ಗಿಣ್ಣು ಹಾಲು ಕುಡಿಸಿ. ನೆರೆಹೊರೆಗೆ ಗಿಣ್ಣು ಹಂಚುವುದು ನಮ್ಮ ಪದ್ಧತಿ, ಆದರೆ ಮೊದಲ ಪಾಲು ಕರುವಿನದು. ತಾಯಿಯ ಮೊದಲ ಹಾಲು ಮಗುವಿಗೂ ಹೀಗೆಯೇ, ಹುಟ್ಟಿದ ಒಂದು ಗಂಟೆಯೊಳಗೆ ಸಿಗಬೇಕು.

ಸಂಘದಲ್ಲಿ ಮಾಡಬಹುದಾದದ್ದು

ಬೆಳಗ್ಗೆ ಸಂಜೆ ಊರಿನ ಅರ್ಧ ಮನೆಗಳವರು ಬಂದು ನಿಲ್ಲುವ ಜಾಗ ಡೇರಿ. ಸಂಘದ ಸೂಚನಾ ಫಲಕದಲ್ಲಿ ಊರಿನ ಲಸಿಕೆ ದಿನ, ಆಶಾ ಕಾರ್ಯಕರ್ತೆಯ ಹೆಸರು, 108 ಎಂಬ ಸಂಖ್ಯೆ ಬರೆದಿಡಲು ಖರ್ಚಿಲ್ಲ. ಆರೋಗ್ಯ ಕೇಂದ್ರದಿಂದ ಓ.ಆರ್.ಎಸ್. ಪೊಟ್ಟಣ ತರಿಸಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಇಟ್ಟರೆ ರಾತ್ರಿ ಹೊತ್ತು ಔಷಧಿ ಅಂಗಡಿ ಮುಚ್ಚಿದಾಗ ಯಾವುದೋ ಮನೆಗೆ ಒದಗುತ್ತದೆ. ಮಹಿಳಾ ಸಂಘಗಳು ತಿಂಗಳ ಸಭೆಯಲ್ಲಿ ಪೊಟ್ಟಣ ಕಲಸಿ ತೋರಿಸಿದರೆ ಹೊಸ ತಾಯಂದಿರಿಗೆ ಅಳತೆ ಬಾಯಿಪಾಠವಾಗುತ್ತದೆ.

ಈ ಸಂಚಿಕೆ ಓದಿ ಮುಗಿಸಿದ ಮೇಲೆ, ಮನೆಯಲ್ಲಿ ಒಂದು ವರ್ಷದೊಳಗಿನ ಮಗುವಿದ್ದರೆ ತಾಯಿ ಕಾರ್ಡು ತೆಗೆದು ರೋಟಾ ಸಾಲಿನಲ್ಲಿ ಮೂರು ದಿನಾಂಕಗಳಿವೆಯೇ ಎಂದು ನೋಡಿ. ಬರಬೇಕಾದ ಡೋಸ್ ತಪ್ಪಿದ್ದರೆ ಮುಂದಿನ ಲಸಿಕೆ ದಿನಕ್ಕೆ ಮಗುವನ್ನು ಕರೆದುಕೊಂಡು ಹೋಗಿ.